ಹಳೆಯ ಮಣ್ಣಿನ ಗೋಡೆಗೆ ಸುಣ್ಣದ ಗಾರೆ: ಯುಗಾದಿಯಿಂದ ಶಿವರಾತ್ರಿಯವರೆಗೆ ಕೆಲಸದ ಕ್ರಮ

ಮಧುಗಿರಿ, ಗೌರಿಬಿದನೂರು, ಚಿಂತಾಮಣಿ, ಮುಳಬಾಗಿಲು ಕಡೆಯ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ತಾತನ ಕಾಲದ ಮಣ್ಣಿನ ಗೋಡೆಗೆ ಹತ್ತು ಹದಿನೈದು ವರ್ಷಗಳ ಹಿಂದೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದರು, ಅದು ಹೊಟ್ಟೆ ಬಿಟ್ಟು ಹಾಳೆ ಹಾಳೆಯಾಗಿ ಕಳಚಿತು. ಬಲ್ಲವರು ಹೇಳಿದರೆಂದು ಅದನ್ನು ಕೀಳಿಸಿ ಸುಣ್ಣದ ಗಾರೆ ಹಾಕಿಸಿದರೆ ಅದೂ ಒಂದೇ ಮಳೆಗಾಲಕ್ಕೆ ಪುಡಿಯಾಗಿ ಉದುರಿತು. ಕೆಲಸ ಯಾವ ತಿಂಗಳಲ್ಲಿ ಆಯಿತು, ಎಷ್ಟು ದಿನದಲ್ಲಿ ಮುಗಿಯಿತು ಎಂದು ತಿರುಗಿ ಕೇಳಿದಾಗ ಕಾರಣ ತಿಳಿಯುತ್ತದೆ. ಸೋಮವಾರ ಕಿತ್ತಿದ್ದಾರೆ, ಮಂಗಳವಾರ ಅಂಗಡಿಯಿಂದ ಸುಣ್ಣದ ಚೀಲ ತಂದಿದ್ದಾರೆ, ಬುಧವಾರ ಬಳಿದಿದ್ದಾರೆ, ಏಕೆಂದರೆ ಮುಂದಿನ ವಾರ ಮನೆಯಲ್ಲಿ ಮದುವೆ ಇತ್ತು.

ಗೋಡೆ ಒಣಗುವುದಕ್ಕೆ ತಿಂಗಳುಗಳು ಬೇಕು, ಸುಣ್ಣ ನೆನೆಯುವುದಕ್ಕೂ ತಿಂಗಳುಗಳು ಬೇಕು. ಇವೆರಡೂ ಒಟ್ಟಿಗೆ ಸಾಗುವಂತೆ ಯುಗಾದಿಯ ಹೊತ್ತಿಗೆ ಕೆಲಸ ಹಿಡಿದರೆ, ದೀಪಾವಳಿ ಕಳೆದ ಮೇಲೆ ಗೋಡೆಯೂ ಸುಣ್ಣವೂ ಒಂದೇ ಸಲ ಸಿದ್ಧವಾಗುತ್ತವೆ. ಈ ಮಾರ್ಗದರ್ಶಿಯನ್ನು ಆ ಲೆಕ್ಕದಲ್ಲಿಯೇ ಬರೆದಿದ್ದೇನೆ. ಒಂದು ಹಂತವನ್ನು ಬಿಟ್ಟು ಮುಂದಿನದಕ್ಕೆ ಹೋಗಬೇಡಿ.

ಕೈ ಹಚ್ಚುವ ಮುನ್ನ

ಗೋಡೆಯ ನೆತ್ತಿಯಿಂದ ತೂಕದ ಗುಂಡು ಬಿಟ್ಟು ನೋಡಿ. 18 ಅಂಗುಲ ದಪ್ಪದ ಗೋಡೆ 3 ಅಂಗುಲಕ್ಕಿಂತ ಹೆಚ್ಚು ವಾಲಿದ್ದರೆ, ಅಥವಾ ತೊಲೆ ಕೂತಿರುವ ಜಾಗದಿಂದ ಬಿರುಕು ಇಳಿದಿದ್ದರೆ, ಅದು ಗಾರೆಯ ಕೆಲಸವಲ್ಲ. ಮಣ್ಣಿನ ಕಟ್ಟಡ ಬಲ್ಲ ಎಂಜಿನಿಯರ್ ಒಬ್ಬರಿಗೆ ತೋರಿಸಿ. ಬಿರುಕು ಹಳೆಯದೋ ಇನ್ನೂ ಬೆಳೆಯುತ್ತಿದೆಯೋ ತಿಳಿಯಲು ಅದರ ಮೇಲೆ ಅಡ್ಡಲಾಗಿ ತೆಳು ಗಾಜಿನ ಚೂರೊಂದನ್ನು ಎರಡೂ ತುದಿಗೆ ಅಂಟಿಸಿ, ಪಕ್ಕದಲ್ಲಿ ಪೆನ್ಸಿಲಿನಿಂದ ದಿನಾಂಕ ಬರೆಯಿರಿ. ತಿಂಗಳೊಳಗೆ ಗಾಜು ಸೀಳಿದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದು ಅರ್ಥ.

ಕೋಲಾರದ ಕೋಲಾರಮ್ಮ ಮತ್ತು ಸೋಮೇಶ್ವರ ದೇವಾಲಯ, ನಂದಿಯ ಭೋಗನಂದೀಶ್ವರ ದೇವಾಲಯದಂಥ ಕೇಂದ್ರ ಸಂರಕ್ಷಿತ ಸ್ಮಾರಕಗಳ ಹತ್ತಿರ ಮನೆ ಇರುವವರು ಇನ್ನೊಂದು ಮಾತು ಗಮನಿಸಬೇಕು. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆಗೆ 200 ಮೀಟರ್ ನಿಯಂತ್ರಿತ ವಲಯ. ಈ ವಲಯಗಳಲ್ಲಿ ದುರಸ್ತಿಗೂ ಅನುಮತಿ ಬೇಕಾದ್ದರಿಂದ ಅರ್ಜಿಯನ್ನು ಮೊದಲೇ ಹಾಕಿಕೊಳ್ಳಿ.

ಬೇಕಾಗುವ ಸಾಮಾನು

ನೂರು ಚದರ ಅಡಿ ಗೋಡೆಗೆ ಮುಕ್ಕಾಲು ಅಂಗುಲಕ್ಕೆ ತುಸು ಕಡಿಮೆ ದಪ್ಪದಲ್ಲಿ ಗಾರೆ ಹಾಕಲು ಸುಮಾರು 6 ಘನ ಅಡಿ ಮರಳು, 2 ಘನ ಅಡಿ ಅರಳಿದ ಸುಣ್ಣ (ಸುಟ್ಟ ಸುಣ್ಣವನ್ನು ನೀರಿಗೆ ಹಾಕಿ ನೆನೆಸಿ ಬೆಣ್ಣೆಯಂತಾದದ್ದು) ಬೇಕು. ಅಷ್ಟು ಅರಳಿದ ಸುಣ್ಣಕ್ಕೆ 25ರಿಂದ 30 ಕೆಜಿ ಸುಟ್ಟ ಸುಣ್ಣದ ಹರಳು ಸಾಕು. ಗೋಡೆ ಅಂಕುಡೊಂಕಾಗಿದ್ದರೆ ಕಾಲು ಪಾಲು ಹೆಚ್ಚಿಗೆ ಇಟ್ಟುಕೊಳ್ಳಿ.

ಸಲಕರಣೆಗಳಲ್ಲಿ ಹೊಸದೇನೂ ಇಲ್ಲ: ಸಣ್ಣ ಸುತ್ತಿಗೆ, ಚಪ್ಪಟೆ ಉಳಿ, ಕರಣೆ, ಉಜ್ಜುವ ಮರದ ಹಲಗೆ, ತೂಕದ ಗುಂಡು, ಸಣ್ಣ ಕಣ್ಣಿನ ಜರಡಿ, ಒನಕೆ, ಬಾಂಡ್ಲಿ, ಗೋಣಿತಾಟು, ಕೈಪಂಪಿನ ಸ್ಪ್ರೇಯರ್. ಔಷಧಿ ಹೊಡೆದ ಸ್ಪ್ರೇಯರ್ ಬೇಡ. ಸುಣ್ಣ ಅರಳಿಸುವವರಿಗೆ ಕಣ್ಣು ಪೂರ್ತಿ ಮುಚ್ಚುವ ಕನ್ನಡಕ, ಉದ್ದನೆಯ ರಬ್ಬರ್ ಕೈಗವಸು ಕಡ್ಡಾಯ.

ಹಂತ 1: ನೀರಿನ ದಾರಿ ತಪ್ಪಿಸುವುದು (ಯುಗಾದಿಗೆ ಮುನ್ನ)

ಗಾರೆ ಉದುರಿದ ಮನೆಗಳಲ್ಲಿ ನಾನು ಮೊದಲು ನೋಡುವುದು ಗೋಡೆಯನ್ನಲ್ಲ, ಬೀದಿಯನ್ನು. ನಮ್ಮ ಹಳ್ಳಿಗಳಲ್ಲಿ ಸಿಸಿ ರಸ್ತೆ ಹಾಕಿದಾಗಲೆಲ್ಲ ಹಳೆಯದರ ಮೇಲೆಯೇ ಹೊಸದನ್ನು ಸುರಿಯುತ್ತಾರೆ. ಮೂರು ಸಲ ಹಾಕಿದ ಮೇಲೆ ಎರಡು ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಿದ್ದ ಮನೆಗೆ ಒಂದು ಮೆಟ್ಟಿಲು ಇಳಿದು ಹೋಗಬೇಕಾಗುತ್ತದೆ. ಕಾಂಕ್ರೀಟು ಗೋಡೆಯ ಬುಡಕ್ಕೇ ಅಂಟಿಕೊಂಡಿರುವುದರಿಂದ ನೆಲದ ತೇವಕ್ಕೆ ಆವಿಯಾಗಿ ಹೋಗಲು ಗೋಡೆಯೊಂದೇ ದಾರಿ. ಅದರ ಮೇಲೂ ಸಿಮೆಂಟ್ ಬಳಿದರೆ ತೇವ ಹೊರಬರಲಾರದೆ ಇನ್ನೂ ಮೇಲಕ್ಕೆ ಏರುತ್ತದೆ, ಒಳಗಿನ ಮಣ್ಣು ಮೆತ್ತಗಾಗುತ್ತದೆ, ಉಪ್ಪು ಹರಳುಗಟ್ಟಿ ಪ್ಲಾಸ್ಟರನ್ನು ಹಿಂದಿನಿಂದ ತಳ್ಳುತ್ತದೆ.

ಗೋಡೆಯ ಬುಡದಲ್ಲಿ ಒಂದು ಅಡಿ ಅಗಲದ ಕಾಂಕ್ರೀಟನ್ನು ಕತ್ತರಿಸಿ ತೆಗೆಯಿರಿ. ರಸ್ತೆ ಪಂಚಾಯಿತಿಯದಾದ್ದರಿಂದ ಅವರನ್ನು ಕೇಳಿಯೇ ಮಾಡಿ. ಅಲ್ಲಿ ಒಂದು ಅಡಿ ಆಳಕ್ಕೆ ಅಗೆದು, ಒಂದು ಕಡೆಗೆ ವಾಟ ಕೊಟ್ಟು, ದಪ್ಪ ಜಲ್ಲಿ ತುಂಬಿ. ಪಾಯದ ಕಲ್ಲಿಗಿಂತ ಕೆಳಕ್ಕೆ ಮಾತ್ರ ಅಗೆಯಬಾರದು. ಎಷ್ಟೋ ಮನೆಗಳ ಪಾಯ ಎರಡು ಅಡಿಯೂ ಇರುವುದಿಲ್ಲ, ಆದ್ದರಿಂದ ಮೊದಲು ಒಂದು ಮೂಲೆಯಲ್ಲಿ ತೋಡಿ ನೋಡಿ.

ಆಮೇಲೆ ಮಾಳಿಗೆಗೆ ಹತ್ತಿ. ಮಳೆನೀರು ಬೀಳುವ ದೋಣಿ ಗೋಡೆಯಿಂದ ಕನಿಷ್ಠ ಒಂದೂವರೆ ಅಡಿ ಮುಂದಕ್ಕೆ ಚಾಚಿರಬೇಕು. ಕೈಪಿಡಿ ಗೋಡೆಯ ಸಂದಿಯಲ್ಲಿ ಅರಳಿಸಸಿ ಹುಟ್ಟಿದ್ದರೆ ಮೇಲೆ ಮುರಿದು ಬಿಡಬೇಡಿ, ಬೇರು ಸಮೇತ ತೆಗೆಯಿರಿ. ಬಚ್ಚಲ ನೀರು, ನಲ್ಲಿಯ ಸೋರಿಕೆ, ಗೋಡೆಗೆ ಒರಗಿಸಿ ಕಟ್ಟಿದ ತೊಟ್ಟಿ, ಇವಿಷ್ಟನ್ನೂ ಈ ಹಂತದಲ್ಲಿಯೇ ಸರಿಪಡಿಸಿ ಮುಗಿಸಬೇಕು.

ಹಂತ 2: ಸಿಮೆಂಟ್ ಬಿಡಿಸುವುದು (ಚೈತ್ರ, ವೈಶಾಖ)

ಸುತ್ತಿಗೆಯ ಹಿಡಿಯಿಂದ ಗೋಡೆಯುದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಬಿಡಿಸುವ ಕೆಲಸ ಆ ಟೊಳ್ಳಿನಿಂದ ಶುರುವಾಗಬೇಕು, ಉಳಿಯನ್ನು ಗೋಡೆಗೆ ನೇರ ಹಿಡಿಯದೆ ಓರೆಯಾಗಿ ಹಿಡಿದು ಪ್ಲಾಸ್ಟರಿನ ಹಿಂಬದಿಗೆ ತೂರಿಸಿ ಎಬ್ಬಿಸಬೇಕು. ಬ್ರೇಕರ್ ಯಂತ್ರವನ್ನು ಯಾರಾದರೂ ತಂದರೆ ಹಾಗೆಯೇ ವಾಪಸು ಕಳಿಸಿ. ಅದರ ನಡುಕಕ್ಕೆ ಹಸಿ ಇಟ್ಟಿಗೆಯ ಸಂದುಗಳು ಸಡಿಲವಾಗುತ್ತವೆ.

ಒಂದು ದಿನಕ್ಕೆ ಒಂದು ಗೋಡೆಯಲ್ಲಿ ನಾಲ್ಕೈದು ಅಡಿ ಅಗಲ ಮಾತ್ರ ಬಿಡಿಸಿ. ಸಿಮೆಂಟ್ ಜೊತೆ ಅಂಗುಲ, ಎರಡಂಗುಲ ಮಣ್ಣೂ ಕಿತ್ತು ಬರುವುದು ಸಹಜ, ಅದಕ್ಕೆ ಗಾಬರಿ ಬೇಡ. ಆ ಮಣ್ಣನ್ನು ಎಸೆಯದೆ ಒಂದು ಕಡೆ ಗುಡ್ಡೆ ಹಾಕಿ, ಮುಂದಿನ ಹಂತಕ್ಕೆ ಬೇಕಾಗುತ್ತದೆ. ಆದರೆ ಗೋಡೆಯ ಬುಡದ ಎರಡು ಮೂರು ಅಡಿಯಲ್ಲಿ ಬಿದ್ದದ್ದನ್ನು ಮಾತ್ರ ಹೊರಗೆ ಸಾಗಿಸಿ, ಅದರಲ್ಲಿ ಚೌಳು ಕೂತಿರುತ್ತದೆ.

ಹಂತ 3: ಒಣಗಿಸುವುದು ಮತ್ತು ಗಾಯ ತುಂಬುವುದು

ಗೋಡೆಯ ಒಂದು ಅಂಗುಲ ದಪ್ಪ ಒಣಗಲು ಒಂದು ತಿಂಗಳು ಎಂಬುದು ಸ್ಥೂಲವಾದ ಲೆಕ್ಕ. 18 ಅಂಗುಲದ ಗೋಡೆ ಒಳಗು ಹೊರಗು ಎರಡೂ ಕಡೆಯಿಂದ ಒಣಗುವುದರಿಂದ ಎಂಟು ಒಂಬತ್ತು ತಿಂಗಳು ಹಿಡಿಯಬಹುದು. ತೇವ ಏರಿರುವ ಗೆರೆಯನ್ನು ಪೆನ್ಸಿಲಿನಿಂದ ಗುರುತು ಮಾಡಿ, ಹದಿನೈದು ದಿನಕ್ಕೊಮ್ಮೆ ನೋಡಿ. ಗೆರೆ ಇಳಿಯುತ್ತಾ ಬಂದರೆ ಹಂತ 1 ಸರಿಯಾಗಿ ಆಗಿದೆ ಎಂದರ್ಥ. ಗೆರೆ ಕದಲದಿದ್ದರೆ ನೀರು ಇನ್ನೂ ಎಲ್ಲಿಂದಲೋ ಬರುತ್ತಿದೆ. ಅದನ್ನು ಹುಡುಕುವವರೆಗೆ ಮುಂದಕ್ಕೆ ಹೋಗುವುದು ವ್ಯರ್ಥ. ಈ ನಡುವೆ ಗೋಡೆಯ ಮೇಲೆ ಬಿಳಿ ಉಪ್ಪು ಎದ್ದರೆ ಒಣ ಬ್ರಶ್ಶಿನಿಂದ ಉಜ್ಜಿ, ಮೊರದಲ್ಲಿ ಹಿಡಿದು ಹೊರಗೆ ಹಾಕಿ. ನೀರು ಹಾಕಿ ತೊಳೆದರೆ ಉಪ್ಪು ಮತ್ತೆ ಒಳಕ್ಕೇ ಇಳಿಯುತ್ತದೆ.

ಮಳೆಗಾಲ ಹಿಡಿಯುವ ಮುನ್ನ ಗಾಯಗಳನ್ನು ತುಂಬಿಬಿಡಬೇಕು. ಗುಡ್ಡೆ ಹಾಕಿದ ಹಳೆಯ ಮಣ್ಣಿಗೆ ಬೆರಳುದ್ದ ಕತ್ತರಿಸಿದ ರಾಗಿಹುಲ್ಲು ಸೇರಿಸಿ, ಕಾಲಲ್ಲಿ ತುಳಿದು ಕಲಸಿ, ನಾಲ್ಕೈದು ದಿನ ಕೊಳೆಯಲು ಬಿಡಿ. ಗುಂಡಿಗಳಿಗೆ ನೀರು ಚಿಮುಕಿಸಿ, ಮಣ್ಣನ್ನು ಉಂಡೆ ಮಾಡಿ ಬಲವಾಗಿ ಒಗೆದು ತುಂಬಿ. ಒಂದೇ ಸಲಕ್ಕೆ ಒಂದು ಅಂಗುಲಕ್ಕಿಂತ ದಪ್ಪ ಬೇಡ. ಮೇಲ್ಮೈಯನ್ನು ನುಣ್ಣಗೆ ಮಾಡದೆ, ಹಸಿಯಿರುವಾಗಲೇ ಬಾಚಿನಂಥ ಕಡ್ಡಿಯಿಂದ ಅಡ್ಡಡ್ಡ ಗೀರಿ ಬಿಡಿ.

ನಮ್ಮ ಕಡೆ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. 2021ರ ನವೆಂಬರಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಬಿದ್ದ ಮಳೆ ನೆನಪಿರುವವರಿಗೆ ಬತ್ತಲೆ ಮಣ್ಣಿನ ಗೋಡೆಯನ್ನು ಹಾಗೆಯೇ ಬಿಡಬಾರದೆಂದು ಹೇಳಬೇಕಾಗಿಲ್ಲ. ಮಣ್ಣು ಸಗಣಿ ಕಲಸಿ ತೆಳುವಾಗಿ ಸಾರಿಸಿ, ಮಳೆ ಹೊಡೆಯುವ ಗೋಡೆಗಳಿಗೆ ತೆಂಗಿನ ಗರಿಯ ತಟ್ಟಿ ಕಟ್ಟಿ. ತಟ್ಟಿಗೂ ಗೋಡೆಗೂ ನಡುವೆ ಒಂದು ಗೇಣು ಜಾಗವಿರಲಿ. ಪ್ಲಾಸ್ಟಿಕ್ ಟಾರ್ಪಾಲನ್ನು ಗೋಡೆಗೆ ಅಂಟಿಸಿ ಕಟ್ಟಿದರೆ ಸಿಮೆಂಟ್ ಮಾಡಿದ ಅನಾಹುತವನ್ನೇ ಅದೂ ಮಾಡುತ್ತದೆ.

ಹಂತ 4: ಸುಣ್ಣ ಅರಳಿಸುವುದು (ಜ್ಯೇಷ್ಠ, ಆಷಾಢ)

ಮನೆಗೆ ಬಳಿಯಲೆಂದು ಅಂಗಡಿಯಲ್ಲಿ ಸಿಗುವ ಚೀಲದ ಪುಡಿಸುಣ್ಣ ಗಾರೆಗೆ ನಂಬಿಕೆಯದಲ್ಲ. ಎಲೆ ಅಡಿಕೆ ಹಾಕುವವರಿಗೆ ಗೊತ್ತು, ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಸುಣ್ಣ ಒಣಗಿ ಖಾರವೇ ಇಲ್ಲದ ಪುಡಿಯಾಗುತ್ತದೆ, ಆಮೇಲೆ ನೀರು ಹಾಕಿದರೂ ಅದು ಮೊದಲಿನಂತಾಗುವುದಿಲ್ಲ. ಚೀಲದಲ್ಲಿ ಗಾಳಿಗೆ ಕೂತ ಸುಣ್ಣದ ಕಥೆಯೂ ಅದೇ. ಒಂದು ಚಿಟಿಕೆಯ ಮೇಲೆ ನಿಂಬೆರಸ ಹಿಂಡಿ ನೋಡಿ. ಬುಸ್ಸೆಂದು ನೊರೆ ಬಂದರೆ ಅದು ಬಹುಪಾಲು ಸತ್ತ ಸುಣ್ಣ. ನಿಮಗೆ ಬೇಕಾದದ್ದು ಗೂಡಿನಿಂದ ಹೊಸದಾಗಿ ಬಂದ, ಕೈಗೆ ಹಗುರವಾದ ಸುಟ್ಟ ಸುಣ್ಣದ ಹರಳು. ಅದನ್ನು ತಂದ ಎರಡು ಮೂರು ದಿನಗಳಲ್ಲಿ ಅರಳಿಸಬೇಕು.

ಕಬ್ಬಿಣದ ಡ್ರಮ್ಮಿನಲ್ಲಿ ಅಥವಾ ಕಲ್ಲು ಕಟ್ಟಿದ ತೊಟ್ಟಿಯಲ್ಲಿ ಅರ್ಧದಷ್ಟು ನೀರು ತುಂಬಿ. ಪ್ಲಾಸ್ಟಿಕ್ ಡ್ರಮ್ ಶಾಖಕ್ಕೆ ಮೆದುವಾಗಿ ಒಡೆದುಹೋಗುತ್ತದೆ. ಸುಣ್ಣವನ್ನು ನೀರಿಗೆ ಹಾಕಬೇಕೇ ಹೊರತು ಸುಣ್ಣದ ಮೇಲೆ ನೀರು ಸುರಿಯಬಾರದು. ಈ ಕ್ರಮ ತಿರುವುಮುರುವಾದರೆ ಕುದಿಯುವ ಸುಣ್ಣ ಮುಖಕ್ಕೆ ಸಿಡಿಯುತ್ತದೆ. ಒಂದೊಂದೇ ಬಾಂಡ್ಲಿಯಷ್ಟು ಹಾಕಿ, ಕುದಿ ಇಳಿಯುವವರೆಗೆ ಕಾದು, ಉದ್ದನೆಯ ಕೋಲಿನಿಂದ ಕಲಕಿ, ಮತ್ತೆ ಹಾಕಿ. ಮಕ್ಕಳು, ದನಕರು ಹತ್ತಿರ ಸುಳಿಯದಂತೆ ಒಬ್ಬರು ನಿಂತಿರಲಿ. ಕಣ್ಣಿಗೆ ಹನಿ ಸಿಡಿದರೆ ತಕ್ಷಣ ಶುದ್ಧ ನೀರಿನಲ್ಲಿ ಕನಿಷ್ಠ ಇಪ್ಪತ್ತು ನಿಮಿಷ ತೊಳೆದು, ಹಾಗೆಯೇ ಆಸ್ಪತ್ರೆಗೆ ಹೋಗಬೇಕು.

ನೀರಿನ ಬಗ್ಗೆಯೂ ಎಚ್ಚರ ಬೇಕು. ಕುಡಿಯುವ ನೀರಿನ ಘಟಕದಿಂದ ಹೊರಬೀಳುವ ನೀರು ಪುಕ್ಕಟೆ ಸಿಗುತ್ತದೆಂದು ಕೆಲವರು ಕಟ್ಟಡಕ್ಕೆ ಬಳಸುತ್ತಾರೆ. ಘಟಕ ಬೇರ್ಪಡಿಸಿದ ಉಪ್ಪೆಲ್ಲ ಅದರಲ್ಲಿಯೇ ಇರುತ್ತದೆ. ಮಳೆನೀರು ಎಲ್ಲಕ್ಕಿಂತ ಒಳ್ಳೆಯದು, ಆಷಾಢದಲ್ಲಿ ಅರಳಿಸಿ ಎನ್ನುವುದಕ್ಕೆ ಅದೂ ಒಂದು ಕಾರಣ.

ಅರಳಿದ ಸುಣ್ಣವನ್ನು ಜರಡಿಯಲ್ಲಿ ಸೋಸಿ ಗುಂಡಿಗೆ ಇಳಿಸಿ, ಮೇಲೆ ಯಾವಾಗಲೂ ನಾಲ್ಕು ಬೆರಳು ನೀರು ನಿಂತಿರುವಂತೆ ನೋಡಿಕೊಳ್ಳಿ. ಗುಂಡಿಯ ಬಾಯಿಗೆ ಭದ್ರವಾದ ಹಲಗೆ ಮುಚ್ಚಿ. ಮೂರು ವಾರ ಕಳೆಯದೆ ಬಳಸಲೇಬಾರದು, ಮೂರು ತಿಂಗಳಾದರೆ ಉತ್ತಮ. ಕರಣೆಗೆ ಬೆಣ್ಣೆಯಂತೆ ಅಂಟಿ ಬಂದರೆ ಹದ ಬಂದಂತೆ.

ಹಂತ 5: ಮರಳು ಮತ್ತು ಇಟ್ಟಿಗೆ ಪುಡಿ

ಕೆರೆ ಮಣ್ಣನ್ನು ತೊಳೆದು ತೆಗೆಯುವ ಫಿಲ್ಟರ್ ಮರಳು ಕೋಲಾರ ಸೀಮೆಯವರಿಗೆ ಹೊಸದಲ್ಲ. ಅದನ್ನು ತೆಗೆಯುವುದು ಅಕ್ರಮ ಎಂಬುದು ಒಂದು ಮಾತು. ಅದರಲ್ಲಿ ಉಳಿಯುವ ಜೇಡಿ ಗಾರೆಯನ್ನು ಬಿರಿಸುತ್ತದೆ ಎಂಬುದು ಇನ್ನೊಂದು. ಯಾವ ಮರಳಾದರೂ ಸರಿ, ಗಾಜಿನ ಸೀಸೆಯಲ್ಲಿ ಅರ್ಧ ಹಾಕಿ, ಚಿಟಿಕೆ ಉಪ್ಪು ಸೇರಿಸಿ, ನೀರು ತುಂಬಿ ಕುಲುಕಿ, ಮೂರು ಗಂಟೆ ಬಿಡಿ. ನಾಲ್ಕು ಅಂಗುಲ ಮರಳಿನ ಮೇಲೆ ಕಾಲು ಅಂಗುಲಕ್ಕಿಂತ ದಪ್ಪ ಕೆಸರು ಕೂತರೆ ಆ ಲೋಡನ್ನು ಹಿಂದಕ್ಕೆ ಕಳಿಸಿ. ಎಂ-ಸ್ಯಾಂಡ್ ಆಗುತ್ತದೆ, ಆದರೆ ಧೂಳು ತೊಳೆದದ್ದಾಗಿರಬೇಕು. ಗಾರೆಯ ಮೊದಲ ವರಸೆಗೆ, ಅಂದರೆ ಮೊದಲ ಪದರಕ್ಕೆ, ನಯವಾದ ಮರಳು ಹಾಕುವುದು ಸಾಮಾನ್ಯ ತಪ್ಪು. ಅಲ್ಲಿಗೆ ತರಿತರಿ ಮರಳೇ ಬೇಕು.

ಗೋಡೆಯ ಬುಡದ ಮೂರು ಅಡಿಗೆ ಮತ್ತು ಮಳೆ ಬಡಿಯುವ ಕಡೆಗೆ ಮರಳಿನ ಮೂರನೆಯ ಒಂದು ಪಾಲನ್ನು ತೆಗೆದು ಅಷ್ಟೇ ಇಟ್ಟಿಗೆ ಪುಡಿ ಸೇರಿಸಿದರೆ ಗಾರೆ ತೇವದಲ್ಲಿಯೂ ಗಟ್ಟಿಯಾಗುತ್ತದೆ. ಮಾಲೂರು ಕಡೆಯ ಗೂಡುಗಳಲ್ಲಿ ಒಡೆದ ಇಟ್ಟಿಗೆ ಸುಲಭವಾಗಿ ಸಿಗುತ್ತದೆ. ಹದವಾಗಿ ಬೆಂದ ಕೆಂಪು ಇಟ್ಟಿಗೆ ಆರಿಸಿ. ಕಪ್ಪಗೆ ಕರಗಿ ಗಾಜಿನಂತಾದ ಇಟ್ಟಿಗೆಯ ಪುಡಿ ಬರೀ ಮರಳಿಗೆ ಸಮ.

ಬೆಲ್ಲ, ಅಳಲೆಕಾಯಿ, ಮೊಟ್ಟೆ ಎಷ್ಟು ಹಾಕಬೇಕು ಎಂದು ಕೇಳುವವರೇ ಹೆಚ್ಚು. ಮರಳು ತೊಳೆದಿದ್ದೀರಾ ಎಂದರೆ ಅವರಲ್ಲಿ ಅರ್ಧ ಜನ ಸುಮ್ಮನಾಗುತ್ತಾರೆ. ಮೊದಲ ಸಲ ಮಾಡುವವರು ಇವ್ಯಾವುದನ್ನೂ ಹಾಕದೆ ಮಾಡಿ ಎಂಬುದೇ ನನ್ನ ಸಲಹೆ. ಬೆಲ್ಲ ಹೆಚ್ಚಾದರೆ ಗಾರೆ ಗಟ್ಟಿಯಾಗುವುದು ತಡವಾಗುತ್ತದೆ, ಇರುವೆ ಬೇರೆ.

ಹಂತ 6: ಮೇಸ್ತ್ರಿಯ ಜೊತೆ ಒಪ್ಪಂದ, ಮಾದರಿ ತುಂಡು

ಚದರ ಅಡಿ ಲೆಕ್ಕದಲ್ಲಿ ಗುತ್ತಿಗೆ ಕೊಟ್ಟರೆ ಕೆಲಸ ಓಡುತ್ತದೆ, ಸುಣ್ಣಕ್ಕೆ ಓಟ ಆಗದು. ದಿನಗೂಲಿಗೆ ಮಾತಾಡಿ. ಊರಿನಲ್ಲಿ ಗಾರೆ ಅರೆಯುವ ಗಾಣ ಕಂಡ ಹಿರಿಯರು ಯಾರಾದರೂ ಇದ್ದರೆ, ಅವರಿಗೆ ಕರಣೆ ಹಿಡಿಯಲು ಆಗದಿದ್ದರೂ ಕೂಲಿ ಕೊಟ್ಟು ನೆರಳಲ್ಲಿ ಕೂರಿಸಿ, ಹದ ನೋಡಲು ಹೇಳಿ. ಕಲಿಯುವ ಹುಡುಗರಿಗೆ ಅದಕ್ಕಿಂತ ದೊಡ್ಡ ಶಾಲೆ ಇಲ್ಲ. "ಒಂದ್ ಬಾಂಡ್ಲಿ ಸಿಮೆಂಟ್ ಹಾಕಿದ್ರೆ ಗಟ್ಟಿ ಹಿಡ್ಕೊಳ್ತದೆ ಸಾರ್" ಎಂಬ ಮಾತು ಬಂದೇ ಬರುತ್ತದೆ. ಸಿಮೆಂಟ್ ಚೀಲವೇ ಆ ದಿನಗಳಲ್ಲಿ ಮನೆಯ ಹತ್ತಿರ ಇರದಂತೆ ನೋಡಿಕೊಳ್ಳುವುದು ಸುಲಭದ ಉಪಾಯ.

ಹಿತ್ತಲ ಗೋಡೆಯಲ್ಲಿ ಮೂರು ಅಡಿ ಚೌಕದ ಒಂದು ತುಂಡನ್ನು ಎಲ್ಲ ವರಸೆಗಳ ಸಮೇತ ಮೊದಲು ಮಾಡಿಸಿ. ಕೊನೆಯ ವರಸೆಯ ನಂತರ ಹದಿನೈದು ದಿನ ಬಿಟ್ಟು ನೋಡಿದರೆ ಪಾಕದ ದೋಷವೆಲ್ಲ ಅಲ್ಲಿ ಕಾಣಿಸುತ್ತದೆ.

ಹಂತ 7: ಗಾರೆ ಅರೆಯುವುದು

ಒಂದು ಪಾಲು ಅರಳಿದ ಸುಣ್ಣಕ್ಕೆ ಮೂರು ಪಾಲು ಮರಳು. ಪಾಲನ್ನು ಸಲಿಕೆಯಲ್ಲಿ ಅಂದಾಜು ಮಾಡದೆ ಒಂದೇ ಬಕೆಟ್ಟಿನಲ್ಲಿ ಅಳೆಯಿರಿ. ಗಾಣವಿಲ್ಲದ ಕಡೆ ಕಲ್ಲು ಹಾಸಿನ ಮೇಲೆ ಒನಕೆಯಿಂದ ಕುಟ್ಟಿ. ಮೊದಲು ತೀರಾ ಗಟ್ಟಿ ಎನಿಸುತ್ತದೆ, ಆಗ ಎಲ್ಲರೂ ನೀರಿನ ಕೊಡಕ್ಕೆ ಕೈ ಹಾಕುತ್ತಾರೆ. ಹಾಕಬೇಡಿ. ಕುಟ್ಟುತ್ತಾ ಹೋದಂತೆ ಸುಣ್ಣದೊಳಗಿನ ನೀರೇ ಹೊರಬಂದು ಇಪ್ಪತ್ತು ನಿಮಿಷದಲ್ಲಿ ಹದಕ್ಕೆ ಬರುತ್ತದೆ. ಕರಣೆಯಲ್ಲಿ ತೆಗೆದು ಬೋರಲು ಹಿಡಿದರೆ ಗಾರೆ ಬೀಳಬಾರದು, ಅದೇ ಪರೀಕ್ಷೆ.

ಬರೀ ಮರಳಿನ ಗಾರೆಯನ್ನು ಒದ್ದೆ ಗೋಣಿ ಮುಚ್ಚಿ ಒಂದು ವಾರ ಇಟ್ಟು, ಮತ್ತೆ ಕುಟ್ಟಿ ಬಳಸಿದರೆ ಇನ್ನೂ ಒಳ್ಳೆಯದು. ಇಟ್ಟಿಗೆ ಪುಡಿ ಸೇರಿಸಿದ್ದನ್ನು ಮಾತ್ರ ಅಂದೇ ಮುಗಿಸಬೇಕು.

ಹಂತ 8: ಬಳಿಯುವುದು (ವಿಶಾಖ ಮಳೆ ಕಳೆದ ಮೇಲೆ)

ನವೆಂಬರ್ ಮೂರನೆಯ ವಾರದಿಂದ ಜನವರಿ ಕೊನೆಯವರೆಗಿನ ತಂಪು ದಿನಗಳು ಇದಕ್ಕೆ ಸರಿ. ನಾನೇ ಮೊದಲ ಸಲ ನಮ್ಮ ಅಜ್ಜಿಯ ಮನೆಯ ಪಡಸಾಲೆ ಗೋಡೆಗೆ ಮಾರ್ಚಿಯಲ್ಲಿ ಬಳಿಸಿದ್ದೆ. ಬೆಳಿಗ್ಗೆ ಬೆಣ್ಣೆಯಂತಿದ್ದ ಗೋಡೆ ಸಂಜೆ ಐದಕ್ಕೆ ಒಣಗಿದ ಕೆರೆಯಂಗಳದ ಹಾಗೆ ಬಿರಿದಿತ್ತು; ಬೆರಳಲ್ಲಿ ಒರೆಸಿದರೆ ಹಿಟ್ಟು ಹಿಟ್ಟಾಗಿ ಬಂತು. ಮೇಸ್ತ್ರಿಯ ತಪ್ಪಿರಲಿಲ್ಲ, ತಿಂಗಳು ಆರಿಸಿದವನು ನಾನು.

ಸಗಣಿ ಸಾರಣೆಯನ್ನು ಪೂರ್ತಿ ಕೆರೆದು, ಧೂಳು ಹೊಡೆದು, ಹಿಂದಿನ ಸಂಜೆ ಮತ್ತು ಆ ಬೆಳಿಗ್ಗೆ ಗೋಡೆಗೆ ನೀರು ಸಿಂಪಡಿಸಿ. ಗೋಡೆ ತಂಪಾಗಿರಬೇಕು, ನೀರು ಇಳಿಯುತ್ತಿರಬಾರದು. ತೆಳು ಸುಣ್ಣದ ನೀರನ್ನು ಬ್ರಶ್ಶಿನಿಂದ ಒಮ್ಮೆ ಬಳಿದು, ಅದು ಹಸಿಯಿರುವಾಗಲೇ ಮೊದಲ ವರಸೆಯ ಗಾರೆಯನ್ನು ಕರಣೆಯಿಂದ ಎಸೆದು ಹಿಡಿಸಿ. ದಪ್ಪ 10 ಮಿಲಿಮೀಟರ್ ದಾಟಬಾರದು. ಅರ್ಧ ಒಣಗಿದಾಗ ಅಡ್ಡಡ್ಡ ಗೀರಿ. ಒಂದು ವಾರದ ಮೇಲೆ ಹೆಬ್ಬೆರಳ ಉಗುರು ಒತ್ತಿ ನೋಡಿ. ಗುರುತು ಬಿದ್ದರೂ ಉಗುರು ಒಳಗಿಳಿಯದಿದ್ದರೆ ಎರಡನೆಯ ವರಸೆಗೆ ಸಿದ್ಧ. ಅದು 5ರಿಂದ 6 ಮಿಲಿಮೀಟರ್ ಸಾಕು. ಕೊನೆಯದು ನಯ ಮರಳಿನ, ಒಂದಕ್ಕೆರಡು ಪಾಕದ, 2 ಮಿಲಿಮೀಟರಿನ ಪದರ. ಇದನ್ನು ಮರದ ಹಲಗೆಯಿಂದ ಉಜ್ಜಬೇಕು. ಉಕ್ಕಿನ ಹಲಗೆಯಿಂದ ಹೊಳಪು ಬರುವಂತೆ ತಿಕ್ಕಿದರೆ ಸುಣ್ಣವೆಲ್ಲ ಮೇಲಕ್ಕೆ ಬಂದು ಸಿಪ್ಪೆಗಟ್ಟುತ್ತದೆ.

ಸೊಂಟದೆತ್ತರದಲ್ಲಿ ಕೆಲಸ ನಿಲ್ಲಿಸಬೇಡಿ. ಒಂದು ಗೋಡೆ ಹಿಡಿದರೆ ಆ ವರಸೆಯನ್ನು ಮೂಲೆಯಿಂದ ಮೂಲೆಗೆ ಅಂದೇ ಮುಗಿಸಿ.

ಹಂತ 9: ಹಸಿ ಕಾಯುವುದು

ಸುಣ್ಣ ಗಟ್ಟಿಯಾಗುವುದು ಗಾಳಿಯಿಂದ, ಆದರೆ ಅದಕ್ಕೆ ತುಸು ತೇವ ಇರಬೇಕು. ಬೇಗ ಒಣಗಿದ ಗಾರೆ ಒಣಗಿರುತ್ತದೆ ಅಷ್ಟೇ, ಗಟ್ಟಿಯಾಗಿರುವುದಿಲ್ಲ. ಪ್ರತಿ ವರಸೆಯ ನಂತರ ಒಂದು ವಾರ, ಕೊನೆಯದಕ್ಕೆ ಎರಡು ವಾರ, ಗೋಡೆಯಿಂದ ಗೇಣು ದೂರಕ್ಕೆ ಒದ್ದೆ ಗೋಣಿತಾಟು ಇಳಿಬಿಟ್ಟು ದಿನಕ್ಕೆ ಎರಡು ಮೂರು ಸಲ ಮಂಜಿನಂತೆ ನೀರು ಸಿಂಪಡಿಸಿ. ಸಿಮೆಂಟಿಗೆ ಹೊಡೆಯುವ ಹಾಗೆ ಪೈಪಿನಲ್ಲಿ ನೀರು ಬಿಡುವುದು ಇಲ್ಲಿ ಹಾನಿಕರ.

ಗಾರೆ ಎಷ್ಟು ಆಳಕ್ಕೆ ಗಟ್ಟಿಯಾಗಿದೆ ಎಂದು ನೋಡಲು ಅರಿಶಿನ ಸಾಕು. ಮಾದರಿ ತುಂಡಿನ ಅಂಚನ್ನು ಮುರಿದು, ಹೊಸ ಬಿರುಕಿನ ಮೈಗೆ ಅರಿಶಿನದ ನೀರು ಹಚ್ಚಿ. ಆರತಿಯ ಓಕುಳಿಯಂತೆ ಕೆಂಪಾದ ಕಡೆ ಸುಣ್ಣ ಇನ್ನೂ ಹಸಿ, ಹಳದಿಯಾಗಿಯೇ ಉಳಿದ ಅಂಚು ಕಲ್ಲಾದದ್ದು. ತಿಂಗಳಿಗೆ ಒಂದು ಮಿಲಿಮೀಟರಿನಷ್ಟು ಹಳದಿ ಅಂಚು ಬೆಳೆದರೆ ಸರಿಯಾಗಿ ಸಾಗಿದೆ.

ಎಚ್ಚರಿಕೆಯ ಗುರುತುಗಳು

ಬಲೆಯಂಥ ಸಣ್ಣ ಬಿರುಕು ಕಂಡರೆ ಗಾರೆಯಲ್ಲಿ ನೀರೋ ಸುಣ್ಣವೋ ಹೆಚ್ಚಾಗಿದೆ, ಇಲ್ಲವೇ ಬಿಸಿಲು ತಾಗಿದೆ. ಅದೇ ದಿನವಾದರೆ ನೀರು ಚಿಮುಕಿಸಿ ಮರದ ಹಲಗೆಯಿಂದ ಮತ್ತೆ ಉಜ್ಜಿ ಮುಚ್ಚಬಹುದು, ಮರುದಿನವಾದರೆ ಆ ವರಸೆಯನ್ನು ಕೆರೆಯುವುದೇ ಸರಿ.

ಮೊಡವೆಯಂತೆ ಉಬ್ಬಿ, ಮಧ್ಯದಲ್ಲಿ ಬಿಳಿ ಕಣವೊಂದನ್ನು ತೋರಿಸಿ ಸಿಡಿಯುವ ಚುಕ್ಕೆಗಳು ಅರಳದೆ ಉಳಿದ ಸುಣ್ಣದ ಹರಳಿನವು. ಜರಡಿ ಹಿಡಿದಿಲ್ಲ, ಅಥವಾ ಮೂರು ವಾರ ಕಾಯ್ದಿಲ್ಲ. ತಟ್ಟಿದರೆ ಟೊಳ್ಳು ಸದ್ದು ಬರುವ ಜಾಗದಲ್ಲಿ ಗೋಡೆಯ ಧೂಳನ್ನು ಹೊಡೆದಿರಲಿಲ್ಲ. ಬುಡದಲ್ಲಿ ಬಿಳಿ ಉಪ್ಪು ಮತ್ತೆ ಎದ್ದರೆ ಗಾರೆಯನ್ನು ದೂರದೆ ಹಂತ 1ಕ್ಕೆ ಹಿಂತಿರುಗಿ.

ಹಂತ 10: ಸುಣ್ಣ ಬಳಿಯುವುದು (ಶಿವರಾತ್ರಿಯೊಳಗೆ)

ಅರಳಿದ ಸುಣ್ಣವನ್ನು ನೀರು ಮಜ್ಜಿಗೆಯಷ್ಟು ತೆಳ್ಳಗೆ ಕದಡಿ, ಬಟ್ಟೆಯಲ್ಲಿ ಸೋಸಿ, ತೇವ ಮಾಡಿದ ಗೋಡೆಗೆ ದಿನಕ್ಕೊಂದರಂತೆ ನಾಲ್ಕೈದು ಸಲ ಬಳಿಯಿರಿ. ಬಳಿಯುವಾಗ ಪಾರದರ್ಶಕವಾಗಿದ್ದು ಒಣಗಿದ ಮೇಲೆ ಬೆಳ್ಳಗಾಗಬೇಕು. ಒಂದೇ ಸಲಕ್ಕೆ ಬೆಳ್ಳಗೆ ಕಾಣುವಂತೆ ದಪ್ಪ ಬಳಿದರೆ ಮುಟ್ಟಿದವರ ಬಟ್ಟೆಗೆಲ್ಲ ಹತ್ತುತ್ತದೆ. ಬುಡದ ಎರಡು ಅಡಿಗೆ ಕೆಮ್ಮಣ್ಣನ್ನು ಇದೇ ತೆಳು ಸುಣ್ಣದಲ್ಲಿ ಕದಡಿ ಬಳಿಯಬಹುದು. ಪುಟ್ಟಿ, ಪ್ರೈಮರ್, ಎಮಲ್ಷನ್ ಪೇಂಟ್ ಯಾವುದೂ ಈ ಗೋಡೆಗೆ ಬೇಡ. ಅವು ಗೋಡೆಯ ಉಸಿರು ಕಟ್ಟುತ್ತವೆ.

ಗುಂಡಿಯಲ್ಲಿ ಮಿಕ್ಕ ಸುಣ್ಣವನ್ನು ಮಣ್ಣಿನ ಗುಡಾಣಕ್ಕೆ ತುಂಬಿ, ಮೇಲೆ ನೀರು ನಿಲ್ಲಿಸಿ, ಹಿತ್ತಲ ನೆರಳಿನಲ್ಲಿ ಇಡಿ. ಮುಂದಿನ ಸ್ವಾತಿ ಮಳೆ ಕಳೆದ ಮೇಲೆ ಗೋಡೆಯನ್ನೊಮ್ಮೆ ತಟ್ಟಿ ನೋಡಿ, ಅಲ್ಲಲ್ಲಿ ಎದ್ದ ಜಾಗಕ್ಕೆ ತೇಪೆ ಹಾಕಲು ಅದೇ ಸಾಕಾಗುತ್ತದೆ.